ಹೆಪ್ಪು ಹಾಕುವ ವಿದ್ಯೆ: ಶಸ್ತ್ರಚಿಕಿತ್ಸೆಯ ಗಾಯಕ್ಕೆ ನಿಮ್ಮದೇ ಪ್ಲೇಟ್‌ಲೆಟ್ ಬಳಸುವುದು ಹೇಗೆ

ಮೊಮ್ಮಗನ ಬುದ್ಧಿ ಹಲ್ಲು ತೆಗೆಸಲು ಹಾವೇರಿ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು, ನಾನು ಹುಡುಗನ ತೋಳಿನಿಂದ ರಕ್ತ ತೆಗೆದು ಯಂತ್ರದೊಳಗೆ ಇಡುವುದನ್ನು ನೋಡಿ ಕೇಳಿದರು: “ಅಲ್ಲಪ್ಪಾ, ಹಲ್ಲು ಕಿತ್ತರೆ ಅಲ್ಲೇ ಬೇಕಾದಷ್ಟು ರಕ್ತ ಬರುತ್ತದೆ. ತೋಳಿನದನ್ನು ತೆಗೆದು ಬಾಯಿಗೆ ಹಾಕುವುದೇಕೆ?”

ಇಷ್ಟು ನೇರವಾದ ಪ್ರಶ್ನೆಯನ್ನು ನನ್ನ ಸ್ನಾತಕೋತ್ತರ ಪರೀಕ್ಷೆಯಲ್ಲೂ ಯಾರೂ ಕೇಳಿರಲಿಲ್ಲ. ಹೇಳಿದೆ: “ಅಜ್ಜಿ, ಹಾಲು ಪೂರ್ತಿ ಬೇಡ, ಕೆನೆಯಷ್ಟೇ ಬೇಕು.” ಅವರಿಗೆ ಅರ್ಥವಾಯಿತು. ಆದರೆ ಕೆನೆ ತೆಗೆಯುವುದರಲ್ಲೂ ಕೈಗುಣ ಇರುತ್ತದೆ ಎಂಬುದು ಹಾಲು ಕಾಯಿಸುವವರಿಗೆಲ್ಲ ಗೊತ್ತು. ಪ್ಲೇಟ್‌ಲೆಟ್ ಸಮೃದ್ಧ ಪ್ಲಾಸ್ಮಾ (ಪ್ಲೇಟ್‌ಲೆಟ್ ಕಣಗಳು ದಟ್ಟವಾಗಿರುವ, ರಕ್ತದ ದ್ರವಭಾಗ), ಅಂದರೆ ಪಿಆರ್‌ಪಿ, ಔಷಧಿ ಅಂಗಡಿಯಲ್ಲಿ ಸಿಗುವ ಸೀಸೆಯಲ್ಲ. ಪ್ರತಿ ಸಲವೂ ಹೊಸದಾಗಿ ಮಾಡುವ ಅಡುಗೆ. ರಕ್ತ ತೆಗೆದ ಕ್ಷಣದಿಂದ ಗಾಯಕ್ಕೆ ಇಡುವ ಕ್ಷಣದವರೆಗಿನ ಅರ್ಧ ಗಂಟೆಯಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ನಿಮಗೋ ನಿಮ್ಮ ಮನೆಯವರಿಗೋ ವೈದ್ಯರು “ಪಿಆರ್‌ಪಿ ಹಾಕೋಣ” ಎಂದಿದ್ದರೆ ಆ ಅರ್ಧ ಗಂಟೆಯನ್ನೂ, ಅದರ ಹಿಂದು ಮುಂದನ್ನೂ ಹೆಜ್ಜೆ ಹೆಜ್ಜೆಯಾಗಿ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಈ ದಾರಿಗೆ ಹೊಸದಾಗಿ ಕಾಲಿಡುತ್ತಿರುವ ಕಿರಿಯ ವೈದ್ಯರಿಗೂ ಇಲ್ಲಿ ಒಂದೆರಡು ಮಾತು ಇದೆ. ನಾನು ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕ. ಹಾಗಾಗಿ ಉದಾಹರಣೆ ಹೆಚ್ಚಾಗಿ ಬಾಯಿಯದೇ.

ಕೆನೆಯಲ್ಲಿ ಏನಿದೆ

ಡೆಂಗಿ ಬಂದಾಗ “ಬಿಳಿ ರಕ್ತಕಣ ಇಳಿದುಹೋಗಿದೆ” ಎಂದು ಊರೆಲ್ಲ ಹೇಳುತ್ತಾರಲ್ಲ, ಅಲ್ಲಿ ಜನರು ಹೇಳಲು ಹೊರಟಿರುವುದು ಬಿಳಿ ರಕ್ತಕಣದ ಬಗ್ಗೆ ಅಲ್ಲ, ಪ್ಲೇಟ್‌ಲೆಟ್ ಬಗ್ಗೆ. ಇವು ಎಲುಬಿನ ಮಜ್ಜೆಯಲ್ಲಿನ ದೊಡ್ಡ ಕೋಶಗಳಿಂದ ಉದುರುವ ಚೂರುಗಳು. ಕೋಶಕೇಂದ್ರ ಇಲ್ಲ, ಆಯಸ್ಸು ಏಳರಿಂದ ಹತ್ತು ದಿನ. ಆರೋಗ್ಯವಂತರ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ರಕ್ತನಾಳ ಹರಿದಾಗ ಓಡಿಬಂದು ಅಂಟಿಕೊಂಡು ತೂತು ಮುಚ್ಚುವುದು ಇವುಗಳ ಮೊದಲ ಕೆಲಸ. ಶಸ್ತ್ರಚಿಕಿತ್ಸಕರಿಗೆ ಇಷ್ಟವಾದದ್ದು ಎರಡನೆಯ ಕೆಲಸ. ಪ್ರತಿ ಪ್ಲೇಟ್‌ಲೆಟ್‌ನ ಹೊಟ್ಟೆಯಲ್ಲಿ ಆಲ್ಫಾ ಕಣಿಕೆಗಳೆಂಬ ಪುಟ್ಟ ಚೀಲಗಳಿವೆ. ಅವುಗಳಲ್ಲಿ ಬೆಳವಣಿಗೆ ಪ್ರಚೋದಕ ಪ್ರೋಟೀನುಗಳು ತುಂಬಿರುತ್ತವೆ. ಪಿಡಿಜಿಎಫ್ ಎಂಬುದು ದುರಸ್ತಿ ಕೋಶಗಳನ್ನು ಕರೆತಂದು ಸಂಖ್ಯೆ ಹೆಚ್ಚಿಸುತ್ತದೆ, ವಿಇಜಿಎಫ್ ಹೊಸ ರಕ್ತನಾಳ ಚಿಗುರಿಸುತ್ತದೆ, ಟಿಜಿಎಫ್ ಬೀಟಾ ಕೊಲಾಜೆನ್ ಕಟ್ಟಲು ಹಚ್ಚುತ್ತದೆ. ಪ್ಲೇಟ್‌ಲೆಟ್ ಒಮ್ಮೆ ಚುರುಕುಗೊಂಡರೆ ಹತ್ತು ನಿಮಿಷದಲ್ಲೇ ಬಹುಪಾಲು, ಒಂದು ಗಂಟೆಯೊಳಗೆ ಹೆಚ್ಚುಕಡಿಮೆ ಪೂರ್ತಿ ಸುರಿದುಬಿಡುತ್ತದೆ. ಈ ಗಡಿಯಾರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಲ್ಲು ಕಿತ್ತ ಗುಂಡಿಯಲ್ಲಿ ತಾನಾಗಿ ಕಟ್ಟುವ ಹೆಪ್ಪಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕೆಂಪು ರಕ್ತಕಣ. ಅವುಗಳಿಂದ ದುರಸ್ತಿಗೆ ಹೆಚ್ಚು ಉಪಯೋಗವಿಲ್ಲ. ಆ ಪ್ರಮಾಣವನ್ನು ತಲೆಕೆಳಗು ಮಾಡಿ, ಪ್ಲೇಟ್‌ಲೆಟ್ಟೇ ತುಂಬಿದ ಹೆಪ್ಪನ್ನು ಗಾಯಕ್ಕೆ ಇಡುವುದು ಇಲ್ಲಿಯ ಉಪಾಯ. ಅಜ್ಜಿಯ ಪ್ರಶ್ನೆಗೆ ಪೂರ್ತಿ ಉತ್ತರ ಇದು.

ಪಿಆರ್‌ಪಿಯನ್ನು 1987ರಲ್ಲಿ ಇಟಲಿಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ್ದರು, ಹೊರಗಿನ ರಕ್ತದ ಅಗತ್ಯವನ್ನು ಕಡಿಮೆ ಮಾಡಲು. ಆದರೆ ಹೆಸರಾದದ್ದು ದವಡೆಯಿಂದ. 1998ರಲ್ಲಿ ಅಮೆರಿಕದ ಮಯಾಮಿಯ ರಾಬರ್ಟ್ ಮಾರ್ಕ್ಸ್ ಮತ್ತು ಜೊತೆಯವರು, ಕೆಳದವಡೆಯ ಎಲುಬು ಕಳೆದುಕೊಂಡಿದ್ದ 88 ಮಂದಿಗೆ ಸೊಂಟದ ಎಲುಬನ್ನು ಕಸಿ ಮಾಡಿದರು. ಅರ್ಧ ಜನಕ್ಕೆ ಕಸಿಯೊಂದಿಗೆ ಪಿಆರ್‌ಪಿ ಬೆರೆಸಿದರು. ಆರು ತಿಂಗಳಿಗೆ ಕಸಿಯಲ್ಲಿ ಎಲುಬಿನ ಸಾಂದ್ರತೆ ಪಿಆರ್‌ಪಿ ಇದ್ದವರಲ್ಲಿ ಶೇಕಡಾ 74, ಇಲ್ಲದವರಲ್ಲಿ ಶೇಕಡಾ 55. ಆ ಪ್ರಬಂಧ ಓದಿದವರೆಲ್ಲ ಸೆಂಟ್ರಿಫ್ಯೂಜ್, ಅಂದರೆ ರಕ್ತವನ್ನು ವೇಗವಾಗಿ ತಿರುಗಿಸಿ ಪದರ ಪದರವಾಗಿ ಬೇರ್ಪಡಿಸುವ ಯಂತ್ರ, ಕೊಳ್ಳಲು ಹೊರಟರು. ಅನಂತರ ಬಂದ ಅಧ್ಯಯನಗಳಲ್ಲಿ ಫಲ ಇಷ್ಟು ನಿಚ್ಚಳವಾಗಿರಲಿಲ್ಲ. ಯಾರು ಎಷ್ಟು ರಕ್ತ ತೆಗೆದರು, ಹೇಗೆ ತಿರುಗಿಸಿದರು ಎಂಬುದು ಒಬ್ಬೊಬ್ಬರದು ಒಂದೊಂದು ರೀತಿ ಆಗಿದ್ದುದೂ ಅದಕ್ಕೆ ಕಾರಣ.

ಹೆಜ್ಜೆ ಒಂದು: ಬೇಕೇ ಎಂದು ಕೇಳಿ

ಬಹಳ ಜನ ಹಾರಿಹೋಗುವ ಹೆಜ್ಜೆ ಇದು. ಆರೋಗ್ಯವಂತ ಇಪ್ಪತ್ತರ ಹುಡುಗನ ಮುಂಭಾಗದ ಒಂದು ಹಲ್ಲು ಕಿತ್ತರೆ ಗಾಯ ತಾನೇ ಮಾಯುತ್ತದೆ. ಅಲ್ಲಿ ಪಿಆರ್‌ಪಿ ಹಾಕುವುದು ಮಳೆಗಾಲದಲ್ಲಿ ತೋಟಕ್ಕೆ ನೀರು ಹಾಯಿಸಿದಂತೆ. ಉಪಯೋಗದ ಸಾಧ್ಯತೆ ಹೆಚ್ಚಿರುವುದು, ಗಾಯ ಮಾಯಲು ಏನೋ ಅಡ್ಡಿ ಇರುವ ಕಡೆ.

ಬಾಯಿಯಲ್ಲಿ ಅಂಥ ಜಾಗ ಎಂದರೆ ಎಲುಬಿನೊಳಗೆ ಹೂತ ಕೆಳದವಡೆಯ ಬುದ್ಧಿ ಹಲ್ಲು. ಇಲ್ಲಿ ಹೆಪ್ಪು ಕರಗಿಯೋ ಉದುರಿಯೋ ಎಲುಬು ಬರಿದಾಗಿ, ಮೂರನೇ ದಿನದ ಹೊತ್ತಿಗೆ ಕಿವಿಯವರೆಗೆ ಸಿಡಿಯುವ ನೋವು ಬರುವುದುಂಟು. ಡ್ರೈ ಸಾಕೆಟ್ ಎನ್ನುತ್ತೇವೆ. ಪ್ಲೇಟ್‌ಲೆಟ್ ಹೆಪ್ಪನ್ನು ಗುಂಡಿಗೆ ತುಂಬಿದರೆ ಇದು ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಗಳು ಹೇಳಿವೆ. ನೋವೂ ತುಸು ಕಡಿಮೆ. ಆದರೆ ಎಲುಬು ಬೇಗ ತುಂಬುತ್ತದೆ ಎಂಬ ಮಾತಿಗೆ ಅಷ್ಟು ಗಟ್ಟಿ ಆಧಾರವಿಲ್ಲ. ನಿಮ್ಮ ವೈದ್ಯರು “ಎಲುಬು ಎರಡರಷ್ಟು ವೇಗದಲ್ಲಿ ಬೆಳೆಯುತ್ತದೆ” ಎಂದರೆ ಗೌರವದಿಂದಲೇ ಹುಬ್ಬೇರಿಸಿ.

ಬಾಯಿಯ ಹೊರಗೆ ಬಂದರೆ, ಸಕ್ಕರೆ ಕಾಯಿಲೆಯವರ ಪಾದದಲ್ಲಿ ತಿಂಗಳುಗಟ್ಟಲೆ ಮಾಯದ ಹುಣ್ಣು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2021ರಿಂದ ಇಂಥ ಹುಣ್ಣಿಗೆ 20 ವಾರಗಳವರೆಗೆ ರೋಗಿಯದೇ ಪಿಆರ್‌ಪಿ ಚಿಕಿತ್ಸೆಯ ಖರ್ಚು ಕೊಡುತ್ತದೆ. ದುಡ್ಡು ಬಿಚ್ಚುವುದರಲ್ಲಿ ವಿಮೆಯವರು ಎಷ್ಟು ಬಿಗಿ ಎಂಬುದು ಗೊತ್ತಿರುವವರಿಗೆ ಇದರ ತೂಕ ತಿಳಿಯುತ್ತದೆ. ಭುಜದ ಹರಿದ ಸ್ನಾಯುರಜ್ಜುವನ್ನು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಹೊಲಿಯುವಾಗ ಪಿಆರ್‌ಪಿ ಸೇರಿಸಿದರೆ ಮತ್ತೆ ಹರಿಯುವುದು ಕಡಿಮೆ ಎಂದು ಕೆಲವು ವಿಶ್ಲೇಷಣೆಗಳು ಹೇಳುತ್ತವೆ.

ಮಂಡಿನೋವಿಗೆ ಚುಚ್ಚುವ ಪಿಆರ್‌ಪಿ ಶಸ್ತ್ರಚಿಕಿತ್ಸೆಗೆ ಸೇರಿದ್ದಲ್ಲ. ಆದರೂ ಜನ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದಲ್ಲಿ ಸವೆದ ಮಂಡಿಯ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷದ ಕೊನೆಗೆ ಪಿಆರ್‌ಪಿ ಪಡೆದವರಿಗೂ ಬರೀ ಉಪ್ಪುನೀರಿನ ಇಂಜೆಕ್ಷನ್ ಪಡೆದವರಿಗೂ ನೋವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಂದು ಕಡೆ ಫಲ ಕೊಟ್ಟಿತೆಂದು ಎಲ್ಲ ಕಡೆ ಕೊಡುತ್ತದೆ ಎಂದೇನೂ ಇಲ್ಲ.

ಹೆಜ್ಜೆ ಎರಡು: ಮಾತ್ರೆಯ ಚೀಟಿ, ರಕ್ತದ ವರದಿ

ಶಸ್ತ್ರಚಿಕಿತ್ಸೆಗೆ ಒಂದು ವಾರ ಮೊದಲು ಮನೆಯಲ್ಲಿರುವ ಎಲ್ಲ ಮಾತ್ರೆಗಳ ಹೆಸರನ್ನು ಬರೆದುಕೊಂಡು ಹೋಗಿ. ಆಸ್ಪಿರಿನ್ ಒಮ್ಮೆ ತಾಗಿದ ಪ್ಲೇಟ್‌ಲೆಟ್ ಸಾಯುವವರೆಗೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ಗಳೂ ಅವುಗಳನ್ನು ಮಂಕಾಗಿಸುತ್ತವೆ, ಆದರೆ ಔಷಧ ಮೈಯಿಂದ ಹೊರಹೋದ ಮೇಲೆ ಪ್ಲೇಟ್‌ಲೆಟ್ ಚೇತರಿಸಿಕೊಳ್ಳುತ್ತದೆ. ಸೊಂಟನೋವಿಗೆಂದು ದಿನಾ ಒಂದು ಗುಳಿಗೆ ನುಂಗುವವರು ಅದನ್ನು ಮಾತ್ರೆ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನೂ ಬರೆಯಿರಿ. ನೋವು ತಡೆಯಲಾಗದಿದ್ದರೆ ಆ ವಾರ ಪ್ಯಾರಸಿಟಮಾಲ್ ಸಾಕೇ ಎಂದು ವೈದ್ಯರನ್ನು ಕೇಳಿ.

ಇಲ್ಲಿ ಒಂದು ಗೆರೆ ಎಳೆಯಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆದವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು. ಹಲ್ಲಿನ ಗುಂಡಿ ಚೆನ್ನಾಗಿ ಮಾಯಲೆಂದು ಹೃದಯವನ್ನು ಪಣಕ್ಕಿಡುವುದು ಯಾವ ಲೆಕ್ಕದಲ್ಲೂ ಗಿಟ್ಟುವ ವ್ಯಾಪಾರವಲ್ಲ. ಪಿಆರ್‌ಪಿಯನ್ನು ಬಿಡಬಹುದು, ಮಾತ್ರೆಯನ್ನು ಬಿಡುವ ನಿರ್ಧಾರ ಹೃದ್ರೋಗ ತಜ್ಞರದು.

ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಲಕ್ಷಕ್ಕಿಂತ ಕಡಿಮೆಯಿದ್ದರೆ, ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿದ್ದರೆ ನಾನು ಮುಂದುವರಿಯುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಒಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ: ಕಳೆದ ತಿಂಗಳು ಜ್ವರ ಬಂದಿತ್ತೇ? ಡೆಂಗಿಯಿಂದ ಎದ್ದು ಎರಡೇ ವಾರವಾದವರು “ಈಗ ಆರಾಮಾಗಿದ್ದೇನೆ” ಎನ್ನುತ್ತಾರೆ. ಸಂಖ್ಯೆ ಪೂರ್ತಿ ಏರಿದೆಯೇ ಎಂದು ವರದಿ ನೋಡಿಯೇ ನಂಬಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಮೊದಲು ಅದನ್ನು ತಹಬಂದಿಗೆ ತನ್ನಿ. ಗಾಯದ ಜಾಗದಲ್ಲಿ ಕೀವು ತುಂಬಿದ್ದರೆ, ಅಲ್ಲಿ ಕ್ಯಾನ್ಸರ್ ಇದ್ದರೆ ಅಥವಾ ಇರಬಹುದೆಂಬ ಅನುಮಾನವಿದ್ದರೆ ಬೆಳವಣಿಗೆ ಪ್ರಚೋದಿಸುವ ವಸ್ತುವನ್ನು ಅಲ್ಲಿಗೆ ಸುರಿಯಬಾರದು. ಎಲೆ ಅಡಿಕೆ, ಗುಟ್ಕಾ ಅಭ್ಯಾಸದವರ ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ನಾನು ಪಿಆರ್‌ಪಿ ಮಾತನ್ನೇ ಬದಿಗಿಟ್ಟು ಬಯಾಪ್ಸಿಗೆ ಕಳಿಸುತ್ತೇನೆ.

ಹೆಜ್ಜೆ ಮೂರು: ಹಾಲೋ ಮೊಸರೋ

ಪಿಆರ್‌ಪಿ, ಪಿಆರ್‌ಎಫ್ ಎಂದು ಎರಡು ಹೆಸರು ಕೇಳುತ್ತೀರಿ. ಎಫ್ ಎಂದರೆ ಫೈಬ್ರಿನ್, ರಕ್ತ ಹೆಪ್ಪುಗಟ್ಟುವಾಗ ಬಲೆ ಹೆಣೆಯುವ ನಾರಿನಂಥ ಪ್ರೋಟೀನು. ರಕ್ತ ತೆಗೆದೊಡನೆ ಹೆಪ್ಪುಗಟ್ಟದಂತೆ ಸಿಟ್ರೇಟ್ ಸೇರಿಸಿ, ಎರಡು ಸಲ ತಿರುಗಿಸಿ, ದ್ರವವಾಗಿಯೇ ಇಟ್ಟುಕೊಂಡದ್ದು ಪಿಆರ್‌ಪಿ. ಬೇಕೆಂದಾಗ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಹೆಪ್ಪುಗಟ್ಟಿಸುತ್ತೇವೆ. ಏನನ್ನೂ ಸೇರಿಸದೆ ತಿರುಗಿಸಿ, ತಿರುಗುತ್ತಿರುವಾಗಲೇ ತಾನಾಗಿ ಹೆಪ್ಪಾಗಲು ಬಿಟ್ಟದ್ದು ಪಿಆರ್‌ಎಫ್. 2001ರಲ್ಲಿ ಫ್ರಾನ್ಸ್‌ನ ಜೋಸೆಫ್ ಶುಕ್ರೂನ್ ಮತ್ತು ಜೊತೆಯವರು ಇದನ್ನು ತಂದರು. ಒಂದು ಹೆಪ್ಪು ಹಾಕುವ ಮೊದಲಿನ ಹಾಲು, ಇನ್ನೊಂದು ಗಟ್ಟಿ ಮೊಸರು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಹಾಲನ್ನು ಸಿರಿಂಜಿನಲ್ಲಿ ಎಳೆದು ಚುಚ್ಚಬಹುದು, ಎಲುಬಿನ ಪುಡಿಯೊಂದಿಗೆ ಕಲಸಬಹುದು. ಮೊಸರನ್ನು ಇಕ್ಕಳದಲ್ಲಿ ಎತ್ತಿ ಗುಂಡಿಗೆ ಇಡಬಹುದು, ಹಿಂಡಿ ಹಾಳೆಯಂತೆ ಮಾಡಿ ಮೇಲೆ ಹೊದಿಸಿ ಹೊಲಿಯಬಹುದು.

ಪಿಆರ್‌ಎಫ್‌ನ ಫೈಬ್ರಿನ್ ಬಲೆ ಪ್ರಚೋದಕಗಳನ್ನು ಹಿಡಿದಿಟ್ಟುಕೊಂಡು ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಪಿಆರ್‌ಪಿ ಒಂದೇ ಏಟಿಗೆ ಸುರಿಯುತ್ತದೆ. ಹಲ್ಲಿನ ಗುಂಡಿಗೆ ನನ್ನ ಆಯ್ಕೆ ಪಿಆರ್‌ಎಫ್. ಅಗ್ಗ, ಸರಳ, ಸೇರಿಸುವ ರಾಸಾಯನಿಕವಿಲ್ಲ. ಬಿಳಿ ರಕ್ತಕಣ ಇರಬೇಕೋ ಬೇಡವೋ ಎಂಬುದು ಇನ್ನೊಂದು ಕವಲು. 2009ರಲ್ಲಿ ಡೋಹನ್ ಎರೆನ್‌ಫೆಸ್ಟ್ ಮತ್ತು ಜೊತೆಯವರು ಬಿಳಿಕಣ ಇರುವುದು ಇಲ್ಲದ್ದು, ಫೈಬ್ರಿನ್ ದಟ್ಟವಾದದ್ದು ತೆಳುವಾದದ್ದು ಎಂದು ನಾಲ್ಕು ಬಗೆ ಮಾಡಿದರು. ನೀವು ಕೇಳಬೇಕಾದದ್ದು ಇಷ್ಟೇ: “ನನಗೆ ಹಾಕುವುದು ಯಾವ ಬಗೆ?” ಉತ್ತರ ಥಟ್ಟನೆ ಬಂದರೆ ವೈದ್ಯರಿಗೆ ತಮ್ಮ ಅಡುಗೆ ಗೊತ್ತಿದೆ ಎಂದರ್ಥ.

ಹೆಜ್ಜೆ ನಾಲ್ಕು: ರಕ್ತ ತೆಗೆಯುವುದು

ಪಿಆರ್‌ಎಫ್‌ಗೆ 10 ಮಿಲಿಯ ಎರಡರಿಂದ ನಾಲ್ಕು ಟ್ಯೂಬು ಸಾಕು. ಪಿಆರ್‌ಪಿಗೆ 30 ಮಿಲಿ ತೆಗೆದರೆ ಕೊನೆಗೆ ಕೈಗೆ ಸಿಗುವುದು ಸುಮಾರು ಮೂರು ಮಿಲಿ. ಹಿಂದಿನ ರಾತ್ರಿ ಚೆನ್ನಾಗಿ ನೀರು ಕುಡಿದಿದ್ದರೆ ನರ ಸುಲಭವಾಗಿ ಸಿಗುತ್ತದೆ. ಒಂದೇ ಚುಚ್ಚಿಗೆ, ತಡೆಯಿಲ್ಲದೆ ರಕ್ತ ಬರಬೇಕು. ಸೂಜಿಯನ್ನು ಅತ್ತಿತ್ತ ಆಡಿಸಿ ತಡಕಾಡಿದರೆ ಪ್ಲೇಟ್‌ಲೆಟ್‌ಗಳು ಅಲ್ಲೇ ಚುರುಕುಗೊಂಡು ಸರಕನ್ನು ಸೂಜಿಯಲ್ಲೇ ಖಾಲಿ ಮಾಡುತ್ತವೆ. ತೀರಾ ಸಣ್ಣ ಸೂಜಿಯೂ ಬೇಡ. 21 ಗೇಜ್ ಒಳ್ಳೆಯದು. ನರ ಕೈಕೊಟ್ಟರೆ ಇನ್ನೊಂದು ತೋಳಿಗೆ ಹೋಗುವುದೇ ಮೇಲು.

ಮುಚ್ಚಳದ ಬಣ್ಣ ನೋಡಿ. ಪ್ರಯೋಗಾಲಯಗಳಲ್ಲಿ ಎಲ್ಲೆಡೆ ಕಾಣುವ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಇದಕ್ಕಲ್ಲ, ಅದು ಪ್ಲೇಟ್‌ಲೆಟ್ ರೂಪವನ್ನೇ ಕೆಡಿಸುತ್ತದೆ. ಪಿಆರ್‌ಪಿಗೆ ಹೆಪ್ಪು ತಡೆಯುವ ಸಿಟ್ರೇಟ್ ಅಥವಾ ಎಸಿಡಿ ದ್ರಾವಣದ ಟ್ಯೂಬ್. ಹಳದಿ ಮುಚ್ಚಳ ಕಂಡೊಡನೆ ಎಸಿಡಿ ಎಂದು ತಿಳಿಯಬೇಡಿ; ಸೀರಮ್ ಬೇರ್ಪಡಿಸುವ ಜೆಲ್ ಇರುವ ಟ್ಯೂಬಿನ ಮುಚ್ಚಳವೂ ಹೆಚ್ಚುಕಡಿಮೆ ಅದೇ ಬಣ್ಣ. ಇನ್ನೊಂದು ಮುಖ್ಯ ಮಾತು: ಪರೀಕ್ಷೆಗೆಂದು ಮಾಡಿದ ಟ್ಯೂಬ್ ಬೇರೆ, ಮರಳಿ ಮೈಗೆ ಹಾಕುವ ರಕ್ತಕ್ಕೆಂದು ತಯಾರಿಸಿದ ಟ್ಯೂಬ್ ಬೇರೆ. ಐವತ್ತು ರೂಪಾಯಿ ಉಳಿಸಲು ಮೊದಲನೆಯದನ್ನು ಎರಡನೆಯದಕ್ಕೆ ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಸಿಟ್ರೇಟ್ ಇರುವ ಟ್ಯೂಬನ್ನು ಎಂಟು ಹತ್ತು ಸಲ ನಿಧಾನವಾಗಿ ತಲೆಕೆಳಗು ಮಾಡಿ ಬೆರೆಸಬೇಕು, ಕುಲುಕಬಾರದು. ಪಿಆರ್‌ಎಫ್ ಟ್ಯೂಬನ್ನು ಬೆರೆಸುವುದೂ ಇಲ್ಲ. ತುಂಬಿದ ಒಂದೆರಡು ನಿಮಿಷದೊಳಗೆ ಯಂತ್ರಕ್ಕೆ ಸೇರಬೇಕು. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಹೆಪ್ಪು ಬದಲಿಗೆ ಕೆಂಪು ಲೋಳೆ ಬಂತು. ಯಂತ್ರ ಇದ್ದದ್ದು ಕೆಳಮಹಡಿಯಲ್ಲಿ. ಟ್ಯೂಬ್ ಹಿಡಿದು ಮೆಟ್ಟಿಲು ಇಳಿಯುವಾಗ ಎದುರಾದ ಹಿರಿಯರೊಬ್ಬರೊಡನೆ ಮಾತಿಗೆ ನಿಂತಿದ್ದೆ. ಅಂದಿನಿಂದ ಯಂತ್ರ ಕುರ್ಚಿಯ ಪಕ್ಕದಲ್ಲೇ ಇರಬೇಕೆಂಬುದು ನನ್ನ ಹಟ.

ಟ್ಯೂಬಿನ ಮೇಲೆ ನಿಮ್ಮ ಹೆಸರು, ದಿನಾಂಕ, ಸಮಯ ಬರೆದ ಚೀಟಿಯನ್ನು ನಿಮ್ಮ ಕಣ್ಣೆದುರೇ ಅಂಟಿಸಬೇಕು. ಅಂಟಿಸದಿದ್ದರೆ ಕೇಳಿ, ಸಂಕೋಚ ಬೇಡ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿಯಿಲ್ಲದ ಸೌಂದರ್ಯ ಕೇಂದ್ರವೊಂದು ಇದೇ ಪಿಆರ್‌ಪಿಯನ್ನು ಮುಖಕ್ಕೆ ಹಚ್ಚಿ ಸೂಜಿ ಆಡಿಸುತ್ತಿತ್ತು. 2018ರಲ್ಲಿ ಅದನ್ನು ಮುಚ್ಚಿಸಿದರು. ಅಲ್ಲಿಗೆ ಹೋಗಿದ್ದ ಕೆಲವು ಮಹಿಳೆಯರಿಗೆ ಎಚ್‌ಐವಿ ಹರಡಿತ್ತೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವರದಿ ಮಾಡಿತು. ತಪಾಸಣೆಯಲ್ಲಿ ಹೆಸರಿಲ್ಲದ ರಕ್ತದ ಟ್ಯೂಬುಗಳು ಸಿಕ್ಕಿದ್ದವು. “ನಿಮ್ಮದೇ ರಕ್ತ, ಏನೂ ಅಪಾಯವಿಲ್ಲ” ಎಂಬ ಮಾತು ನಿಜವಾಗಬೇಕಾದರೆ ಅದು ನಿಮ್ಮದೇ ರಕ್ತವಾಗಿರಬೇಕು, ಸೂಜಿ ಹೊಸದಾಗಿರಬೇಕು.

ಹೆಜ್ಜೆ ಐದು: ತಿರುಗಿಸುವುದು

ಕಿರಿಯ ವೈದ್ಯರು ಹೆಚ್ಚು ಎಡವುವುದು ಇಲ್ಲಿ. ಪುಸ್ತಕದಲ್ಲಿ “ನಿಮಿಷಕ್ಕೆ 3000 ಸುತ್ತು, 10 ನಿಮಿಷ” ಎಂದಿರುತ್ತದೆ. ಹಾಗೆಯೇ ಮಾಡುತ್ತಾರೆ, ಹೆಪ್ಪು ಸರಿಯಾಗುವುದಿಲ್ಲ. ರಕ್ತಕ್ಕೆ ತಾಗುವುದು ಸುತ್ತಿನ ಸಂಖ್ಯೆಯಲ್ಲ, ಸೆಳೆತದ ಬಲ. ಅದು ಯಂತ್ರದ ತೋಳಿನ ಉದ್ದದ ಮೇಲೂ ನಿಂತಿದೆ. ಲೆಕ್ಕ ಸುಲಭ: ತ್ರಿಜ್ಯವನ್ನು ಸೆಂಟಿಮೀಟರಿನಲ್ಲಿ ಹಿಡಿದು, ಸುತ್ತಿನ ಸಂಖ್ಯೆಯ ವರ್ಗದಿಂದ ಗುಣಿಸಿ, ಮತ್ತೆ 0.00001118ರಿಂದ ಗುಣಿಸಿ. ಬಂದದ್ದು ಗುರುತ್ವದ ಎಷ್ಟು ಪಟ್ಟು ಬಲ ಎಂಬ ಉತ್ತರ. ನಿಮಿಷಕ್ಕೆ 3000 ಸುತ್ತಿನಲ್ಲಿ ತ್ರಿಜ್ಯ 8 ಸೆಂ.ಮೀ. ಇದ್ದರೆ ಸುಮಾರು 800 ಪಟ್ಟು; 16 ಸೆಂ.ಮೀ. ಇದ್ದರೆ 1600 ಪಟ್ಟು. ಒಂದೇ ಸಂಖ್ಯೆ ಒತ್ತಿದರೂ ಬಲ ಎರಡರಷ್ಟು. ಹೊಸ ಯಂತ್ರ ಬಂದ ದಿನವೇ ಅಳತೆಪಟ್ಟಿ ಹಿಡಿದು ತ್ರಿಜ್ಯ ಅಳೆದು ಮುಚ್ಚಳದ ಮೇಲೆ ಬರೆದಿಡಿ.

ಪಿಆರ್‌ಪಿಗೆ ಮೊದಲ ಸುತ್ತು ಮೆಲ್ಲಗೆ. ಕೆಂಪುಕಣ ತಳಕ್ಕಿಳಿದು ಮೇಲೆ ಹೊಂಬಣ್ಣದ ಪ್ಲಾಸ್ಮಾ ನಿಲ್ಲುತ್ತದೆ, ನಡುವೆ ತೆಳ್ಳನೆ ಬಿಳಿ ಪದರ. ಪ್ಲಾಸ್ಮಾವನ್ನೂ ಆ ಪದರವನ್ನೂ ಎಳೆದು ಇನ್ನೊಂದು ಟ್ಯೂಬಿಗೆ ಹಾಕಿ ಎರಡನೇ ಸಲ ಜೋರಾಗಿ ತಿರುಗಿಸಬೇಕು. ಈಗ ಪ್ಲೇಟ್‌ಲೆಟ್ ತಳದಲ್ಲಿ ಅಂಗಿಯ ಗುಂಡಿಯಂತೆ ಕೂರುತ್ತದೆ. ಮೇಲಿನ ಮೂರರಲ್ಲಿ ಎರಡು ಪಾಲು ತೆಗೆದು ಬದಿಗಿಟ್ಟು, ಉಳಿದದ್ದರಲ್ಲಿ ತಳದ ಗುಂಡಿಯನ್ನು ಮೆಲ್ಲನೆ ಕರಗಿಸಬೇಕು. ಮೈಕ್ರೊಲೀಟರಿಗೆ 10 ಲಕ್ಷದ ಆಸುಪಾಸು ಇದ್ದರೆ ಕೆಲಸ ಆಯಿತು ಎಂಬುದು ಮಾರ್ಕ್ಸ್ ಕೊಟ್ಟ ಗುರುತು. ವಾರಕ್ಕೊಮ್ಮೆಯಾದರೂ ಒಂದು ಹನಿಯನ್ನು ಎಣಿಕೆಗೆ ಕಳಿಸಿ. ಎಣಿಸದೆ ಪಿಆರ್‌ಪಿ ಎನ್ನುವುದು ತೂಗದೆ ಚಿನ್ನ ಮಾರಿದಂತೆ.

ಪಿಆರ್‌ಎಫ್‌ಗೆ ಒಂದೇ ಸುತ್ತು, ಹತ್ತು ಹನ್ನೆರಡು ನಿಮಿಷ. ಎದುರಿಗೆ ಅಷ್ಟೇ ತೂಕದ ಇನ್ನೊಂದು ಟ್ಯೂಬ್ ಇರಲಿ, ಇಲ್ಲದಿದ್ದರೆ ಯಂತ್ರ ನಡುಗಿ ಪದರ ಕದಡುತ್ತದೆ. ನಿಂತ ಮೇಲೆ ನೋಡಿದರೆ ತಳದಲ್ಲಿ ಕೆಂಪು, ಮೇಲೆ ತಿಳಿನೀರು, ನಡುವೆ ಗಟ್ಟಿ ಮೊಸರಿನಂಥ ಹಳದಿ ಹೆಪ್ಪು. ಪ್ಲೇಟ್‌ಲೆಟ್ ಹೆಚ್ಚಾಗಿ ಕೂತಿರುವುದು ಹಳದಿಯೂ ಕೆಂಪೂ ಸೇರುವ ಗಡಿಯಲ್ಲಿ. ಅಂದವಾಗಿ ಕಾಣಲೆಂದು ಕೆಂಪನ್ನು ಪೂರ್ತಿ ಕತ್ತರಿಸಿ ಎಸೆದರೆ ಕೆನೆಯೂ ಹೋಯಿತು. ಒಂದೆರಡು ಮಿಲಿಮೀಟರ್ ಕೆಂಪು ಬಾಲ ಬಿಟ್ಟೇ ಕತ್ತರಿಸಬೇಕು.

ಹೆಜ್ಜೆ ಆರು: ಗಾಯಕ್ಕೆ ಇಡುವುದು

ಗಾಯ ಮೊದಲು ಸಿದ್ಧವಾಗಿರಬೇಕು. ಹಲ್ಲು ತೆಗೆದ ಗುಂಡಿಯಲ್ಲಿ ಎಲುಬಿನ ಚೂಪು ಅಂಚು ಉಜ್ಜಿ, ಹಲ್ಲಿನ ಸುತ್ತ ಇದ್ದ ಚೀಲದ ಉಳಿಕೆ ತೆಗೆದು, ಸಲೈನಿನಿಂದ ತೊಳೆದು, ರಕ್ತಸ್ರಾವ ಹತೋಟಿಗೆ ತಂದ ಮೇಲೆಯೇ ಹೆಪ್ಪು. ಒರಟು ಕೈಯಿಂದ ಎಲುಬು ಸುಟ್ಟು, ಒಸಡು ಹರಿದು, ಕೊನೆಗೆ ಪಿಆರ್‌ಎಫ್ ತುರುಕಿದರೆ ಅದು ಯಾವ ಪವಾಡವನ್ನೂ ಮಾಡುವುದಿಲ್ಲ.

ಹೆಪ್ಪನ್ನು ತೂತುಗಳಿರುವ ಉಕ್ಕಿನ ತಟ್ಟೆಯ ಮೇಲಿಟ್ಟು ಮುಚ್ಚಳದ ಭಾರದಿಂದ ಮೆಲ್ಲಗೆ ಹಿಂಡಿದರೆ ಹಾಳೆಯಾಗುತ್ತದೆ. ಕೆಳಗೆ ಸೋರಿದ ದ್ರವವನ್ನು ಚೆಲ್ಲಬೇಡಿ, ಎಲುಬಿನ ಕಸಿ ಇದ್ದರೆ ಅದನ್ನು ನೆನೆಸಲು ಒದಗುತ್ತದೆ. ಒಂದೆರಡು ಹೆಪ್ಪು ಗುಂಡಿಗೆ, ಮೇಲೆ ಒಂದು ಹಾಳೆ, ಅದರ ಮೇಲೆ ಎಂಟರ ಆಕಾರದ ಹೊಲಿಗೆ. ಹೊಲಿಗೆಯಿಲ್ಲದೆ ಬಿಟ್ಟರೆ ಸಂಜೆ ಉಗುಳುವಾಗ ಹೊರಗೆ.

ಪಿಆರ್‌ಪಿಯಾದರೆ ಕ್ಯಾಲ್ಸಿಯಂ ಸೇರಿಸಿದ ಕ್ಷಣದಿಂದ ಮೊದಲು ಹೇಳಿದ ಗಡಿಯಾರ ಓಡಲು ಶುರು. ಹತ್ತು ನಿಮಿಷ ಟ್ರೇಯಲ್ಲಿ ಕೂತರೆ ಅದರ ಬಹುಪಾಲು ಸರಕು ಟ್ರೇಗೇ ಸಂದಿತು. ಆದ್ದರಿಂದ ಎಲ್ಲ ಸಿದ್ಧವಾದ ಮೇಲೆ, ಹಾಕುವ ಕ್ಷಣ ಮೊದಲಷ್ಟೇ ಚುರುಕುಗೊಳಿಸಬೇಕು. ಹಿಂದೆ ಇದಕ್ಕೆ ದನದ ರಕ್ತದಿಂದ ತೆಗೆದ ಥ್ರಾಂಬಿನ್ ಎಂಬ ಹೆಪ್ಪುಗಟ್ಟಿಸುವ ಪ್ರೋಟೀನು ಬಳಸುತ್ತಿದ್ದರು. ಅದರಿಂದ ಕೆಲವರ ಮೈಯಲ್ಲಿ ತಮ್ಮದೇ ರಕ್ತ ಹೆಪ್ಪುಗಟ್ಟಿಸುವ ಅಂಶದ ವಿರುದ್ಧ ಪ್ರತಿಕಾಯ ಹುಟ್ಟಿ ತೊಂದರೆಯಾದದ್ದರಿಂದ ಈಗ ದೂರವಿಟ್ಟಿದ್ದೇವೆ.

ಹೆಜ್ಜೆ ಏಳು: ಮನೆಗೆ ಬಂದ ಮೇಲೆ

ಮೊದಲ ಅರ್ಧ ಮುಕ್ಕಾಲು ಗಂಟೆ ಗಾಜ್ ಬಟ್ಟೆ ಕಚ್ಚಿರಿ. ಆ ದಿನ ಬಾಯಿ ಮುಕ್ಕಳಿಸುವುದು ಬೇಡ, ಉಗುಳುವುದು ಬೇಡ, ಎಳನೀರನ್ನೂ ಸ್ಟ್ರಾ ಹಾಕಿ ಎಳೆಯಬೇಡಿ. ಒಳಗಿನ ಸೆಳೆತಕ್ಕೆ ಹೆಪ್ಪು ಕಿತ್ತು ಬರುತ್ತದೆ. ಆರಿದ ಗಂಜಿ, ಮೊಸರನ್ನ, ತಣ್ಣಗಿನ ರಾಗಿ ಅಂಬಲಿ. ಬಿಸಿ ಬಿಸಿ ಚಹಾ ನಾಳೆಗಿರಲಿ. ಕೆನ್ನೆಯ ಹೊರಗೆ ಐಸು ಹದಿನೈದು ನಿಮಿಷ ಇಟ್ಟು ಹದಿನೈದು ನಿಮಿಷ ಬಿಡಿ. ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ ಉಗುರುಬೆಚ್ಚನೆಯ ಉಪ್ಪುನೀರನ್ನು ಬಾಯಲ್ಲಿ ಹಿಡಿದು ತಲೆ ಓರೆ ಮಾಡಿ ತಾನಾಗಿ ಬೀಳಲು ಬಿಡಿ, ಗಳಗಳ ಎನ್ನಿಸಬೇಡಿ. ಬೀಡಿ, ಸಿಗರೇಟು, ಎಲೆ ಅಡಿಕೆ, ಗುಟ್ಕಾ ಕನಿಷ್ಠ ಒಂದು ವಾರ ಮುಟ್ಟಬೇಡಿ. ಈ ಒಂದು ಮಾತನ್ನು ಪಾಲಿಸದವರಿಗೆ ನಾನು ಪಿಆರ್‌ಎಫ್ ಹಾಕಿದ್ದೂ ವ್ಯರ್ಥ, ಅವರು ದುಡ್ಡು ಕೊಟ್ಟದ್ದೂ ವ್ಯರ್ಥ.

ಎರಡನೇ ಮೂರನೇ ದಿನ ಟಾರ್ಚ್ ಬಿಟ್ಟು ನೋಡಿದರೆ ಗುಂಡಿಯ ಬಾಯಲ್ಲಿ ಬಿಳಿಚಿದ ಹಳದಿ ಪೊರೆ ಕಾಣುತ್ತದೆ. ಅದು ಕೀವಲ್ಲ, ಹೊಲಿದಿಟ್ಟ ಹಾಳೆಯೇ. ಒಬ್ಬ ತಾಯಿ ಮಗಳ ಬಾಯಿಯಲ್ಲಿ ಅದನ್ನು ನೋಡಿ ಗಾಬರಿಯಾಗಿ, ಬಡ್ಸ್‌ನಿಂದ ಚೆನ್ನಾಗಿ ಉಜ್ಜಿ ತೆಗೆದು, “ಕೀವೆಲ್ಲ ತೆಗೆದೆ ಡಾಕ್ಟರೇ, ಆದರೂ ನೋವು ಜಾಸ್ತಿಯಾಗಿದೆ” ಎಂದು ಕರೆದುಕೊಂಡು ಬಂದಿದ್ದರು. ತಪ್ಪು ಅವರದಲ್ಲ. ಹೀಗೆ ಕಾಣುತ್ತದೆ ಎಂದು ನಾನು ಮೊದಲೇ ಹೇಳಿರಲಿಲ್ಲ. ಈಗ ಪ್ರತಿಯೊಬ್ಬರಿಗೂ ಮೊಬೈಲಿನಲ್ಲಿ ಆ ಪೊರೆಯ ಚಿತ್ರ ತೋರಿಸಿಯೇ ಕಳಿಸುತ್ತೇನೆ.

ನೋವಿನ ಮಾತ್ರೆಯ ವಿಷಯದಲ್ಲಿ ಗೊಂದಲ ಬೇಡ. ಸ್ನಾಯುರಜ್ಜಿಗೆ ಪಿಆರ್‌ಪಿ ಹಾಕಿದವರು ಒಂದೆರಡು ವಾರ ಡೈಕ್ಲೋಫೆನಾಕ್ ಬಗೆಯ ಮಾತ್ರೆ ಬೇಡ ಎನ್ನುವುದು ವಾಡಿಕೆ. ಬುದ್ಧಿ ಹಲ್ಲಿನ ನಂತರ ಐಬುಪ್ರೊಫೇನ್ ಕೊಡುವುದೂ ವಾಡಿಕೆಯೇ. ನಿಮ್ಮ ಚೀಟಿಯಲ್ಲಿ ಬರೆದದ್ದನ್ನು ತೆಗೆದುಕೊಳ್ಳಿ, ಪಕ್ಕದ ಮನೆಯವರ ಮಂಡಿಯ ಚೀಟಿಯನ್ನಲ್ಲ.

ಜ್ವರ ಬಂದರೆ, ಮೂರನೇ ದಿನದ ನಂತರ ಊತ ಇಳಿಯುವ ಬದಲು ಏರಿದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಕಚ್ಚಿದ ಬಟ್ಟೆ ಅರ್ಧ ಗಂಟೆಯಾದರೂ ತಾಜಾ ರಕ್ತದಲ್ಲಿ ತೊಯ್ಯುತ್ತಲೇ ಇದ್ದರೆ ಫೋನು ಮಾಡಿ ಕಾಯಬೇಡಿ, ನೇರವಾಗಿ ಹೊರಡಿ. ಉಸಿರಾಟಕ್ಕೆ ತೊಡಕಾದರೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ.

ದುಡ್ಡಿನ ಮಾತು ಶಸ್ತ್ರಚಿಕಿತ್ಸೆಗೆ ಮೊದಲೇ ಆಗಲಿ. ಪಿಆರ್‌ಎಫ್‌ಗೆ ಬೇಕಾದದ್ದು ನಾಲ್ಕು ಟ್ಯೂಬು, ಒಂದು ಸೂಜಿ, ಹನ್ನೆರಡು ನಿಮಿಷದ ಕರೆಂಟು. ಹಲ್ಲು ತೆಗೆಯುವ ಖರ್ಚಿಗಿಂತ ಅದರ ಬಿಲ್ಲೇ ದೊಡ್ಡದಾಗಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ. ವಿಮೆ ಇದ್ದವರು ಇದು ಒಳಗೊಂಡಿದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ.

ಏಳನೇ ದಿನ ಹೊಲಿಗೆ ಬಿಚ್ಚಲು ಮೊಮ್ಮಗನೊಂದಿಗೆ ಅಜ್ಜಿಯೂ ಬಂದಿದ್ದರು. ಬಾಯೊಳಗೆ ಇಣುಕಿ, “ನೀವು ಇಟ್ಟ ಮೊಸರು ಎಲ್ಲಿ ಹೋಯಿತು?” ಎಂದರು. ಇನ್ನೊಂದು ವಾರದಲ್ಲಿ ಉಳಿದದ್ದೂ ಕರಗುತ್ತದೆ, ಒಸಡು ಮುಚ್ಚಿಕೊಳ್ಳುತ್ತಿದೆ, ಒಳಗೆ ಎಲುಬು ತುಂಬಲು ಇನ್ನೂ ತಿಂಗಳುಗಳು ಬೇಕು, ಆರು ತಿಂಗಳಿಗೆ ಒಂದು ಎಕ್ಸ್‌ರೇ ತೆಗೆಯೋಣ ಎಂದೆ. “ಇನ್ನೊಂದು ಕಡೆಯ ಹಲ್ಲು?” ಎಂದು ಹುಡುಗ ಕೇಳಿದ. ಅದು ನೆಟ್ಟಗೆ ಹುಟ್ಟಿದೆ, ಕೀಳುವ ಅಗತ್ಯವೇ ಇಲ್ಲ ಎಂದೆ.